ಎಲ್‌ಎಸ್7 ಲಿಫ್ಟರ್: ಸಾಮಾನು ಒಳ್ಳೆಯದು, ಎಡವಟ್ಟೆಲ್ಲ ಕೂರಿಸುವಲ್ಲಿ

ಕ್ಯಾಮ್‌ನ ಏರಿಳಿತವನ್ನು ವಾಲ್ವ್ ಕಡೆಗೆ ಮುಟ್ಟಿಸುವ ತುಂಡೇ ಲಿಫ್ಟರ್; ನಮ್ಮ ಮೆಕ್ಯಾನಿಕ್‌ಗಳು ಟ್ಯಾಪೆಟ್ ಅನ್ನುವುದು ಇದನ್ನೇ. ಜಿಎಂನ (ಜನರಲ್ ಮೋಟರ್ಸ್) ಎಲ್‌ಎಸ್ ವಿ8 ಎಂಜಿನ್‌ಗೆ ಹೊಸ ಕ್ಯಾಮ್ (ವಾಲ್ವ್ ತೆರೆಯಿಸುವ ದಂಡ) ಹಾಕುವವರು ಹೆಚ್ಚಾಗಿ ಕೊಳ್ಳುವ ಹೈಡ್ರಾಲಿಕ್ ರೋಲರ್ ಲಿಫ್ಟರ್: ತುದಿಯಲ್ಲಿ ಗಾಲಿ, ಸಡಿಲನ್ನು ಆಯಿಲ್ ಒತ್ತಡದಿಂದ ತಾನೇ ತುಂಬಿಕೊಳ್ಳುತ್ತದೆ. ಸೆಟ್‌ಗೆ 16. ಬೀದಿಯಲ್ಲಿ ಓಡುವ ಗಾಡಿಗೆ ಧಾರಾಳವಾಗಿ ಸಾಕು. ಕಠಿಣ ವಾಲ್ವ್ ಸ್ಪ್ರಿಂಗ್, ಏರು ಆರ್‌ಪಿಎಂ ಇದ್ದರೆ ಲಿಂಕ್‌ಬಾರ್ (ಎರಡು ಲಿಫ್ಟರ್ ಜೋಡಿಸುವ ಪಟ್ಟಿ) ಇರುವುದನ್ನೇ ಕೊಳ್ಳಿ.

ಇದರ ಬಲಹೀನ ಜಾಗ ಲಿಫ್ಟರ್ ಅಲ್ಲ, ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಟ್ರೇ. ನಾಲ್ಕು ಟ್ರೇ, ಒಂದೊಂದರಲ್ಲಿ ನಾಲ್ಕು ಲಿಫ್ಟರ್. ಟ್ರೇ ಸವೆದರೆ ಲಿಫ್ಟರ್ ತಿರುಗಿ, ರೋಲರ್ ಅಡ್ಡವಾಗಿ ಕ್ಯಾಮ್‌ನ ಉಬ್ಬನ್ನೇ (ಲೋಬ್) ಕೆರೆದುಬಿಡುತ್ತದೆ. ಹೆಡ್ ಬಿಚ್ಚಿದ ಮೇಲೆ ಹಳೇ ಟ್ರೇ ಉಳಿಸುವುದು ಶುದ್ಧ ಜಿಪುಣತನ. ಟ್ರೇ ಬೋಲ್ಟ್‌ಗೆ ಬಿಗಿತ 12 ನ್ಯೂಟನ್ ಮೀಟರ್, ಅಷ್ಟೇ.

ಪುಶ್‌ರಾಡ್ (ಲಿಫ್ಟರಿನಿಂದ ವಾಲ್ವ್ ಒತ್ತುವ ರಾಕರ್‌ವರೆಗಿನ ಕಡ್ಡಿ) ಅಂದಾಜಿನಲ್ಲಿ ತರಿಸಬೇಡಿ. ಲೋಬ್‌ನ ಬೇಸ್ ಸರ್ಕಲ್‌ನಲ್ಲಿ (ಉಬ್ಬಿಲ್ಲದ ದುಂಡು ಭಾಗ), ಉದ್ದ ಹೊಂದಿಸಬಲ್ಲ ಅಳತೆಯ ಪುಶ್‌ರಾಡ್ ಇಟ್ಟು ಸಡಿಲು ಸೊನ್ನೆಯಾಗುವ ಉದ್ದ ಹಿಡಿದು, ಅದಕ್ಕೆ ಸುಮಾರು 1.5 ಮಿ.ಮೀ. ಪ್ರೀಲೋಡ್ (ಲಿಫ್ಟರ್ ಒಳಗಿನ ಪ್ಲಂಜರ್ ಒತ್ತಿಕೊಳ್ಳುವಷ್ಟು) ಸೇರಿಸಿ. ಕಡಿಮೆಯಾದರೆ ಟಿಕ್‌ಟಿಕ್, ಅತಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ.

ಎಂಜಿನ್ ಚಾಲೂ ಮಾಡುವ ಮುನ್ನ ಆಯಿಲ್ ತುಂಬಿಸುವ ವಿಷಯದಲ್ಲೇ ಹೆಚ್ಚಿನವರು ಮುಗ್ಗರಿಸುವುದು. ಹಳೇ ಶೆವಿ (ಶೆವ್ರೊಲೆ) ಎಂಜಿನ್‌ನಂತೆ ಡಿಸ್ಟ್ರಿಬ್ಯೂಟರ್ ತೂತಿನಿಂದ ಡ್ರಿಲ್ ಹಾಕಿ ಪಂಪ್ ತಿರುಗಿಸಲಾಗದು. ಇಲ್ಲಿ ಪಂಪ್ ಕ್ರ್ಯಾಂಕ್‌ಶಾಫ್ಟ್‌ನ ಮುಂದಿನ ಮೂತಿಯಲ್ಲಿದೆ. ಒತ್ತಡದ ಪ್ರೈಮಿಂಗ್ ಡಬ್ಬಿಯಿಂದ ಗ್ಯಾಲರಿಗೆ (ಎಂಜಿನ್ ಒಳಗಿನ ಆಯಿಲ್ ನಾಳ) ಆಯಿಲ್ ತಳ್ಳಿ, ರಾಕರ್‌ಗಳಲ್ಲಿ ಒಸರುವವರೆಗೆ ಕಾಯಿರಿ. ಆಮೇಲೂ ಶಬ್ದ ನಿಲ್ಲದೆ ಒತ್ತಡ ಕುಸಿದರೆ ಲಿಫ್ಟರನ್ನು ಬೈಯುವ ಮುನ್ನ ಪಿಕಪ್ ಪೈಪಿನ (ಪಂಪ್‌ಗೆ ಆಯಿಲ್ ಹೀರುವ ಪೈಪ್) ಓ-ರಿಂಗ್ ನೋಡಿ: ಕೂರಿಸುವಾಗ ಒಂದು ಕಡೆ ಕತ್ತರಿಸಿಕೊಂಡಿದ್ದರೆ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ.