ನಸುಕು, ಸಂಜೆ, ತುಂಡು ತುಂಡು: ಮೂರನ್ನೂ ಮಾಡಿ ನೋಡಿದೆ

ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ ಹೆಸರು ಕೊಟ್ಟ ದಿನ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನೆಲ್ಲಾ ಯಾವಾಗಮ್ಮಾ ಮಾಡ್ತೀಯ?" ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ನನ್ನದು ಬ್ಯಾಂಕ್ ಕೆಲಸ, ಮಗಳು ಎರಡನೇ ಕ್ಲಾಸು. ವಾರಕ್ಕೆ ಹತ್ತು ಗಂಟೆ ಹೊಂದಿಸಬೇಕಿತ್ತು. ಮೂರು ಥರ ಮಾಡಿ ನೋಡಿದೆ, ಒಂದೊಂದೂ ಆರು ವಾರ.

ಮೊದಲನೆಯದು ನಸುಕು. ನಾಲ್ಕೂವರೆಗೆ ಅಲಾರಂ. ಚಾಮುಂಡಿ ಬೆಟ್ಟದ ರಸ್ತೆ ಆ ಹೊತ್ತಿಗೆ ಖಾಲಿ. ಮೆಟ್ಟಿಲ ಕಡೆ ಹೋಗುವ ನಾಲ್ಕಾರು ಜನ ಬಿಟ್ಟರೆ ಯಾರೂ ಇಲ್ಲ, ಫೋನೂ ಇಲ್ಲ. ಹತ್ತು ಗಂಟೆ ಅಂದುಕೊಂಡಿದ್ದು ಹತ್ತೂ ಆಯಿತು. ಏರು ಹತ್ತುವಾಗ ಉಸಿರು ಸುಧಾರಿಸಿದ್ದು ಎರಡೇ ವಾರಕ್ಕೆ ಗೊತ್ತಾಯಿತು. ಆದರೆ ಟಿಫಿನ್ ಡಬ್ಬಿ ಪೂರ್ತಿ ಗಂಡನ ತಲೆಗೆ ಬಿತ್ತು. ವಾರಕ್ಕೆ ನಾಲ್ಕು ದಿನ ಚಿತ್ರಾನ್ನ. "ಅಮ್ಮಾ, ಅಪ್ಪನ ಚಿತ್ರಾನ್ನ ಸಾಕು" ಅಂತ ಮಗಳು ಅತ್ತೇ ಬಿಟ್ಟಳು. ರಾತ್ರಿ ಒಂಬತ್ತಕ್ಕೆ ಅವಳಿಗಿಂತ ಮೊದಲು ನಾನೇ ನಿದ್ದೆ. ಮಧ್ಯಾಹ್ನ ಮೂರಕ್ಕೆ ಕೌಂಟರಿನಲ್ಲಿ ತೂಕಡಿಕೆ. ಒಂದು ದಿನ ಎಂಟ್ರಿಯಲ್ಲಿ ಒಂದು ಸೊನ್ನೆ ಜಾಸ್ತಿ ಹೊಡೆದೆ. ಮ್ಯಾನೇಜರ್ ಕಣ್ಣಿಗೆ ಬಿತ್ತು, ಬಚಾವಾದೆ.

ಸಂಜೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೈ ಸಡಿಲವಾಗಿರುತ್ತದೆ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಟ ಸಲೀಸು, ಅದು ನಿಜ. ಆದರೆ ಬ್ಯಾಂಕಿನಲ್ಲಿ ಸಂಜೆ ಯಾವತ್ತೂ ನಮ್ಮದಲ್ಲ. ಮೂರು ತಿಂಗಳಿಗೊಮ್ಮೆ ಲೆಕ್ಕ ಮುಗಿಸುವ ಗಲಾಟೆ ಬೇರೆ. ವಾರಕ್ಕೆ ಐದು ಗಂಟೆ ಆದರೆ ಹೆಚ್ಚು. ಜೋರಾಗಿ ಓಡಿ ಬಂದ ರಾತ್ರಿ ನಿದ್ದೆಯೂ ಹತ್ತಿರ ಸುಳಿಯುತ್ತಿರಲಿಲ್ಲ.

ಮೂರನೆಯದು ತುಂಡು ತುಂಡು. ಬ್ಯಾಂಕಿಗೆ ಎಂಟು ಕಿ.ಮೀ. ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ, ಸೈಕಲ್ಲಿನಲ್ಲಿ ಇಪ್ಪತ್ತೆಂಟು. ಅಂದರೆ ಮನೆಯಿಂದ ನಾನು ಕಿತ್ತುಕೊಂಡಿದ್ದು ಒಂದು ಸಲಕ್ಕೆ ಬರೀ ಎಂಟು ನಿಮಿಷ! ವಾರಕ್ಕೆ ನಾಲ್ಕು ದಿನ ಹೋಗಿ ಬಂದರೆ 64 ಕಿ.ಮೀ. ಸೋಮವಾರ ಸ್ಕೂಟರಿನಲ್ಲಿ ಹೋಗಿ ಇಸ್ತ್ರಿ ಬಟ್ಟೆ ಬ್ಯಾಂಕಿನ ಬೀರುವಿನಲ್ಲಿ ಇಟ್ಟು ಬರುತ್ತೇನೆ. ಒದ್ದೆ ಟವೆಲ್ ಒಣಗಿಸುವುದೇ ದೊಡ್ಡ ತಲೆನೋವು. ಸಿಗ್ನಲ್ಲುಗಳ ನಡುವೆ ಒಂದೇ ಸಮ ತುಳಿಯಲು ಆಗುವುದಿಲ್ಲ. ಅದಕ್ಕೆ ವಾರಕ್ಕೆ ಎರಡು ರಾತ್ರಿ, ಮಗಳು ಮಲಗಿದ ಮೇಲೆ, ಹಿಂದಿನ ಚಕ್ರ ಬಿಚ್ಚಿ ಸೈಕಲ್ಲನ್ನು ಟ್ರೈನರಿಗೆ (ನಿಂತಲ್ಲೇ ತುಳಿಯಲು ಸೈಕಲ್ ಕೂರಿಸುವ ಯಂತ್ರ) ಕೂರಿಸಿ ನಲವತ್ತು ನಿಮಿಷ. ಅಲ್ಲಿ ಇಳಿಜಾರು ಇಲ್ಲ, ಸುಮ್ನೆ ಕೂರುವ ಹಾಗಿಲ್ಲ. ಬೆವರು ಅಂದರೆ ಬೆವರು.

ಭಾನುವಾರ ಮಾತ್ರ ಉದ್ದದ ದಿನ. ನಂಜನಗೂಡಿಗೆ ಎರಡು ಸಲ ಹೋಗಿ ಬಂದರೆ ಹತ್ತಿರ ಹತ್ತಿರ 90 ಆಗುತ್ತದೆ. ಇಳಿದ ತಕ್ಷಣ ಶೂ ಬದಲಿಸಿ ಐದು ಕಿ.ಮೀ. ಓಟ. ಇದಕ್ಕೆ ಬ್ರಿಕ್ ಅನ್ನುತ್ತಾರೆ. ಮೊದಲ ಒಂದು ಕಿ.ಮೀ. ಕಾಲು ಯಾರಿಂದಲೋ ಸಾಲ ತಂದ ಹಾಗಿರುತ್ತದೆ. ಈಜನ್ನು ಮಾತ್ರ ತುಂಡು ಮಾಡಲು ಆಗಲಿಲ್ಲ. ಕೊಳದ ಬ್ಯಾಚು ಬೆಳಿಗ್ಗೆಯೇ. ವಾರಕ್ಕೆ ಎರಡು ಚಿತ್ರಾನ್ನಕ್ಕೆ ಮಗಳನ್ನು ಒಪ್ಪಿಸಿದೆ.

ವೇಗ ಮಾತ್ರ ನೋಡಿದರೆ ನಸುಕೇ ಗೆದ್ದಿತು. ಅದೇ ನಂಜನಗೂಡಿನ 90, ನಸುಕಿನ ಆರು ವಾರ ಮುಗಿದಾಗ 3 ಗಂಟೆ 12 ನಿಮಿಷಕ್ಕೆ ಮುಗಿಸಿದ್ದೆ. ತುಂಡು ಲೆಕ್ಕದಲ್ಲಿ 3 ಗಂಟೆ 20. ಆ ಎಂಟು ನಿಮಿಷ ಬಿಟ್ಟುಕೊಡಲು ನನಗೆ ಬೇಜಾರಿಲ್ಲ. ಮೊದಲ ಮೂರು ಜನರಲ್ಲಿ ಬರುವವಳೇನೂ ಅಲ್ಲವಲ್ಲ ನಾನು! ಆದರೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನಾ ಇಪ್ಪತ್ತೈದು ಕಿ.ಮೀ. ಓಡಾಡುವವರಿಗೆ ನನ್ನ ಲೆಕ್ಕ ಹೇಳುವುದಿಲ್ಲ. ಅವರಿಗೆ ನಸುಕೇ ಸರಿ, ಚಿತ್ರಾನ್ನ ಮಾಡುವವರು ಮನೆಯಲ್ಲಿದ್ದರೆ.

ಈಗ ದಸರಾ ಹತ್ತಿರ ಬಂದಿದೆ. ಟ್ರೈನರ್ ಇಟ್ಟ ಜಾಗದಲ್ಲೇ ಗೊಂಬೆ ಕೂರಿಸಬೇಕು ಅಂತ ಅತ್ತೆ ಹೇಳಿಯಾಗಿದೆ. ಹತ್ತು ದಿನ ಸೈಕಲ್ ಬಾಲ್ಕನಿಗೆ.