ರಾಯಚೂರಿನ ಸೂಪರ್ ಮಾರ್ಕೆಟ್‌ನಲ್ಲಿ ತಿಂಗಳ ಸಂತೆ: ಯಾವುದು ತಗೊಳ್ಳಬೇಕು, ಯಾವುದು ಬಿಡಬೇಕು

ನೇರವಾಗಿ ಹೇಳಿಬಿಡುತ್ತೇನೆ. ಸೋಪು, ಪೇಸ್ಟು, ಬಿಸ್ಕತ್ತು, ಚಹಾಪುಡಿ, ಅಡುಗೆ ಎಣ್ಣೆಗೆ ಸೂಪರ್ ಮಾರ್ಕೆಟ್ ಒಳ್ಳೆಯದು. ಅಕ್ಕಿ, ಬೇಳೆ, ಜೋಳ, ಒಣಮೆಣಸಿನಕಾಯಿ, ಕಾಯಿಪಲ್ಯೆಗೆ ಬೇಡ. ಸುತ್ತ ಸಿಂಧನೂರು, ಮಾನ್ವಿ ಕಡೆ ಕಣ್ಣು ಹಾಯಿಸಿದಷ್ಟು ದೂರ ಭತ್ತ ಬೆಳೆಯುವ ಜಿಲ್ಲೆಯಲ್ಲಿ ಇದ್ದುಕೊಂಡು ಅದೇ ಸೋನಾ ಮಸೂರಿಯನ್ನು ಬಣ್ಣದ ಪ್ಯಾಕೆಟ್ಟಿನಲ್ಲಿ ಐದೈದು ಕೆಜಿ ಹೊತ್ತು ತರುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ನಾನು ಹೋಗುವ ಅಂಗಡಿಯ ಹೆಸರು ಬರೆಯುತ್ತಿಲ್ಲ. ಇದು ಅದೊಂದೇ ಅಂಗಡಿಯ ಮಾತಲ್ಲ. ಊರಿಗೆ ಬಂದಿರುವ ಇಂಥ ದೊಡ್ಡ ಅಂಗಡಿಗಳೆಲ್ಲ ಹೆಚ್ಚುಕಡಿಮೆ ಹೀಗೇ ನಡೆಯುತ್ತವೆ. ನಮ್ಮದು ಐದು ಜನರ ಮನೆ. ಮಧ್ಯಾಹ್ನ ಅನ್ನ, ಉಳಿದ ಹೊತ್ತು ರೊಟ್ಟಿ. ತಿಂಗಳ ಸಾಮಾನೆಲ್ಲ ನಾನೇ ತರುವುದರಿಂದ ಎಲ್ಲಿ ಎಷ್ಟು ಉಳಿಯುತ್ತೆ, ಎಲ್ಲಿ ಉಳಿದ ಹಾಗೆ ಬರೀ ಅನಿಸುತ್ತೆ ಅನ್ನುವುದು ಗೊತ್ತಾಗಿದೆ. ಬಹಳ ಜನ ಅಕ್ಕತಂಗಿಯರು ಗೃಹಲಕ್ಷ್ಮಿ ದುಡ್ಡು ಬಂದ ಕೂಡಲೇ ಇಲ್ಲಿಗೇ ಬರುತ್ತಾರೆ, ಅವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಎಣ್ಣೆ. ಎಲ್ಲರೂ ಬರುವುದೇ ಎಣ್ಣೆಯ ಆಫರಿಗೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ ಇರುತ್ತೆ. ನಾವೆಲ್ಲ ಎಣ್ಣೆ ಪಾಕೀಟು ಅಂದರೆ ಒಂದು ಲೀಟರ್ ಅಂತಲೇ ತಿಳಿದುಕೊಂಡಿದ್ದೇವೆ, ಆದರೆ ಈಗ ಅದೇ ಎತ್ತರದ, ಅದೇ ಬಣ್ಣದ ಪಾಕೀಟಿನಲ್ಲಿ 850 ಗ್ರಾಂ, 870 ಗ್ರಾಂ ಹೀಗೆ ಬರುತ್ತಿದೆ. ಮುಂಚೆ ಎಣ್ಣೆ, ಚಹಾ, ಬಿಸ್ಕತ್ತು ಇಂಥವನ್ನು ಇಷ್ಟಿಷ್ಟೇ ಅಳತೆಯಲ್ಲಿ ಪ್ಯಾಕ್ ಮಾಡಬೇಕು ಅಂತ ನಿಯಮ ಇತ್ತು. ಈಗ ಅದಿಲ್ಲ. ಅದರ ಬದಲು ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಬೀಳುತ್ತೆ ಅಂತ ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಬೇಕು. ಯುಎಸ್‌ಪಿ ಅಂತ ಇರುತ್ತೆ ನೋಡಿ, ಅದೇ.

ಆದರೆ ಆ ಲೆಕ್ಕ ಎಂಆರ್‌ಪಿ ಮೇಲೆ ಹಾಕಿದ್ದು, ಆಫರ್ ಬೆಲೆ ಮೇಲೆ ಅಲ್ಲ. ಹಾಗಾಗಿ ಅಂಗಡಿಯಲ್ಲಿ ನಿಂತು ಮೊಬೈಲ್ ತೆಗೆದು ಭಾಗಿಸಲೇಬೇಕು. 850 ಗ್ರಾಂ ಪಾಕೀಟಿನ ಎಂಆರ್‌ಪಿ 160, ಅಂಗಡಿ ಬೆಲೆ 140 ಅಂತಿಟ್ಟುಕೊಳ್ಳಿ. ಪಕ್ಕದಲ್ಲಿ 910 ಗ್ರಾಂನದು ಎಂಆರ್‌ಪಿ 165, ಅಂಗಡಿ ಬೆಲೆ 146. ಬೋರ್ಡಿನ ಮೇಲೆ ಮೊದಲನೆಯದಕ್ಕೆ 20 ರೂಪಾಯಿ ಉಳಿತಾಯ ಅಂತ ದೊಡ್ಡದಾಗಿ ಬರೆದಿರುತ್ತೆ, ಎರಡನೆಯದಕ್ಕೆ 19. ಕೈ ಹೋಗುವುದು 20ರ ಕಡೆಗೆ. ಲೆಕ್ಕ ಹಾಕಿದರೆ ಮೊದಲನೆಯದು ಕೆಜಿಗೆ ಹತ್ತಿರ ಹತ್ತಿರ 165 ಬೀಳುತ್ತೆ, ಎರಡನೆಯದು 160 ಚಿಲ್ಲರೆ. ಕೆಜಿಗೆ ನಾಲ್ಕು ರೂಪಾಯಿ ಅಂತರ. ತಿಂಗಳಿಗೆ ಐದಾರು ಪಾಕೀಟು ಸುರಿಯುವ ಮನೆಯಲ್ಲಿ, ಹಬ್ಬ ಬಂತು ಅಂದರೆ ಇನ್ನೂ ಜಾಸ್ತಿ, ಇದನ್ನು ಸಣ್ಣದು ಅಂತ ಬಿಡಲು ಆಗುವುದಿಲ್ಲ. ಇಷ್ಟು ನೋಡಿ ತಗೊಂಡರೆ ಎಣ್ಣೆಗೆ ಇವರ ಬೆಲೆ ನಿಜವಾಗಿ ಕಡಿಮೆ. ನಮ್ಮ ಓಣಿಯ ಕಿರಾಣಿ ಅಂಗಡಿಯವರಿಗೆ ಆ ರೇಟಿಗೆ ಕೊಡಲು ಗಿಟ್ಟುವುದಿಲ್ಲ, ಅವರೇ ಬಾಯಿಬಿಟ್ಟು ಹೇಳಿದ್ದಾರೆ.

ಸ್ನಾನದ ಸೋಪು, ಶಾಂಪೂ, ಪೇಸ್ಟು, ಬಿಸ್ಕತ್ತಿನ ವಿಷಯದಲ್ಲೂ ಹಾಗೇ. 2025ರ ಸೆಪ್ಟೆಂಬರ್ 22ರಿಂದ ಇವುಗಳ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದಿದೆ. ತುಪ್ಪ, ಬೆಣ್ಣೆ, ಖಾರಾ ಮಿಕ್ಸ್ಚರ್ ಇಂಥವು 12ರಿಂದ 5ಕ್ಕೆ ಬಂದವು. ದೊಡ್ಡ ಪ್ಯಾಕಿನಲ್ಲಿ ಇಳಿಕೆ ಎಂಆರ್‌ಪಿಯಲ್ಲೇ ಕಾಣುತ್ತೆ. ಐದು ರೂಪಾಯಿ, ಹತ್ತು ರೂಪಾಯಿ ಪ್ಯಾಕಿನಲ್ಲಿ ಬೆಲೆ ಅಷ್ಟೇ ಇಟ್ಟು ಗ್ರಾಂ ಜಾಸ್ತಿ ಮಾಡಿದ ಕಂಪನಿಗಳು ಇವೆ, ಆದ್ದರಿಂದ ಅಲ್ಲೂ ಗ್ರಾಂ ನೋಡಿ. ಎಂಆರ್‌ಪಿ ಇಳಿದ ಮೇಲೆ ಅದರ ಮೇಲೂ ಸೂಪರ್ ಮಾರ್ಕೆಟ್‌ನವರು ಕಡಿಮೆ ಮಾಡುತ್ತಾರೆ, ಅದು ಒಳ್ಳೆಯದು. ನಾನು ಇವನ್ನು ಎರಡು ತಿಂಗಳಿಗೆ ಆಗುವಷ್ಟು ಒಂದೇ ಸಲ ತಂದಿಡುತ್ತೇನೆ, ಕೆಡುವ ಸಾಮಾನು ಅಲ್ಲ.

ಇನ್ನು ಅಕ್ಕಿ. ಇಲ್ಲಿ ನನಗೆ ಸಿಟ್ಟೇ ಬರುತ್ತೆ. 2022ರ ಜುಲೈ 18ರಿಂದ, 25 ಕೆಜಿವರೆಗೆ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಮೇಲೆ 5 ಪರ್ಸೆಂಟ್ ಜಿಎಸ್‌ಟಿ ಇದೆ. ಬಿಡಿಯಾಗಿ ತೂಗಿ ಕೊಟ್ಟರೆ ಇಲ್ಲ. 25 ಕೆಜಿ ದಾಟಿದ ಚೀಲಕ್ಕೂ ಇಲ್ಲ. ಗಂಜ್ ಕಡೆ ಅಕ್ಕಿ ಅಂಗಡಿಗಳಲ್ಲಿ 26 ಕೆಜಿ ಚೀಲ ಯಾಕೆ ಬಂತು ಅಂತ ಬಹಳ ಜನ ಕೇಳುತ್ತಾರೆ, ಇದಕ್ಕೇ ಬಂದದ್ದು. 25 ಕೆಜಿ ಅಕ್ಕಿಗೆ 1500 ರೂಪಾಯಿ ಅಂದರೆ ಪ್ಯಾಕ್ ಮಾಡಿದ್ದಕ್ಕೆ 75 ರೂಪಾಯಿ ತೆರಿಗೆ ಸೇರುತ್ತೆ, ಅದೇ ಅಕ್ಕಿ 26 ಕೆಜಿ ಚೀಲದಲ್ಲಿ ಬಂದರೆ ಆ ತೆರಿಗೆ ಇಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಇರುವುದೆಲ್ಲ ಐದು ಕೆಜಿ, ಹತ್ತು ಕೆಜಿ ಪ್ಯಾಕು. ತೆರಿಗೆಯೂ ಬಂತು, ಬಣ್ಣದ ಚೀಲದ ಖರ್ಚೂ ಬಂತು, ಲಾರಿಯಲ್ಲಿ ಎಲ್ಲೋ ಹೋಗಿ ಮತ್ತೆ ನಮ್ಮೂರಿಗೇ ಬಂದ ಖರ್ಚೂ ಬಂತು.

ದುಡ್ಡೊಂದೇ ಅಲ್ಲ. ಪ್ಯಾಕೆಟ್ಟಿನ ಅಕ್ಕಿಯನ್ನು ಮುಟ್ಟಿ ನೋಡಲು ಆಗುವುದಿಲ್ಲ. ಅಕ್ಕಿ ಅಂಗಡಿಯಲ್ಲಾದರೆ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ನುಚ್ಚು ಎಷ್ಟಿದೆ ಅಂತ ನೋಡಬಹುದು. ಒಂದು ಕಾಳು ಬಾಯಿಗೆ ಹಾಕಿ ಕಡಿದರೆ ಹಳೆ ಅಕ್ಕಿ ಕಟಕ್ ಅಂತ ಮುರಿಯುತ್ತೆ, ಹೊಸದು ಹಲ್ಲಿಗೆ ಮೆತ್ತಗೆ ಸಿಗುತ್ತೆ. ಹೊಸ ಅಕ್ಕಿ ಅನ್ನ ಮುದ್ದೆ ಆಗುತ್ತೆ, ಒದಗುವುದೂ ಇಲ್ಲ. ಹಳೆಯದಕ್ಕೆ ಕೆಜಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪಾತ್ರೆ ತುಂಬಾ ಅರಳುತ್ತೆ, ಕೊನೆಗೆ ಅದೇ ಅಗ್ಗ. ಒಂದು ಚೀಲ ಜಾಸ್ತಿ ಆಗುತ್ತೆ ಅನ್ನುವವರು ಪಕ್ಕದ ಮನೆಯವರ ಜೊತೆ ಸೇರಿ ಅರ್ಧರ್ಧ ಮಾಡಿಕೊಳ್ಳಿ, ನಮ್ಮ ಓಣಿಯಲ್ಲಿ ಹಾಗೆ ಮಾಡುವವರು ಬಹಳ ಇದ್ದಾರೆ. ಭತ್ತದ ಸುಗ್ಗಿ ಮುಗಿದ ಮೇಲೆ ಅಕ್ಕಿ ಸಿಗುವುದೂ ಸಲೀಸು. 2024ರ ಆಗಸ್ಟ್‌ನಲ್ಲಿ, ನಮ್ಮ ಭತ್ತದ ಗದ್ದೆಗೆ ನೀರು ಕೊಡುವ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿ ಎಲ್ಲರ ಎದೆ ಧಸಕ್ ಅಂದಿತ್ತು ಅಲ್ವಾ? ನಮ್ಮ ತಟ್ಟೆಯ ಅನ್ನ ಎಲ್ಲಿಂದ ಬರುತ್ತೆ ಅಂತ ಆವತ್ತು ಚಿಕ್ಕ ಮಕ್ಕಳಿಗೂ ಗೊತ್ತಾಯಿತು.

ತೊಗರಿಬೇಳೆಯೂ ಇದೇ ದಾರಿ. ಪಕ್ಕದ ಕಲಬುರಗಿ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ, ನಮ್ಮ ಜಿಲ್ಲೆಯಲ್ಲೂ ತೊಗರಿ ಬೆಳೆಯುತ್ತಾರೆ. ಸಂಕ್ರಾಂತಿ ಆಸುಪಾಸಿನಲ್ಲಿ ಹೊಸ ತೊಗರಿ ಬಂದಾಗ ವರ್ಷಕ್ಕೆ ಆಗುವಷ್ಟು ಬೇಳೆ ತಗೊಂಡು, ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆ ಸೇರಿಸಿ ಡಬ್ಬಿಗೆ ತುಂಬಿದರೆ ಹುಳ ಬೀಳುವುದಿಲ್ಲ. ನಮ್ಮೂರಲ್ಲಿ ಬಿಸಿಲಿಗೇನು ಕಡಿಮೆ. ಮೆಣಸಿನಕಾಯಿಯೂ ಬೇಸಿಗೆಗೆ ಮುಂಚೆ ತಗೊಳ್ಳುವುದು: ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡೂ ಕೂಡಿಸಿ ಖಾರಪುಡಿ ಮಾಡಿಸಿಟ್ಟರೆ ವರ್ಷದ ಚಿಂತೆ ಇಲ್ಲ. ಸೂಪರ್ ಮಾರ್ಕೆಟ್‌ನ 100 ಗ್ರಾಂ ಖಾರಪುಡಿ ಪ್ಯಾಕೆಟ್ಟಿನ ಬೆಲೆಯನ್ನು ಹತ್ತರಿಂದ ಗುಣಿಸಿ, ಮೆಣಸಿನಕಾಯಿಯ ಕೆಜಿ ಬೆಲೆ ಪಕ್ಕದಲ್ಲಿಟ್ಟು ನೋಡಿ.

ಜೋಳದ ಹಿಟ್ಟು ಮಾತ್ರ ದಯವಿಟ್ಟು ಪ್ಯಾಕೆಟ್ಟಿನಲ್ಲಿ ತಗೊಳ್ಳಬೇಡಿ. ಒಂದು ಸಲ ಬೇರೆ ದಾರಿ ಇಲ್ಲದೆ ತಂದಿದ್ದೆ. ಬೀಸಿದ ದಿನಾಂಕ ನೋಡಿದರೆ ಎರಡು ತಿಂಗಳು ಹಳೆಯದು. ಕುದಿಯುವ ನೀರು ಹಾಕಿ ನಾದಿದೆ, ಉಂಡೆ ಏನೋ ಆಯಿತು, ತಟ್ಟಲು ಶುರು ಮಾಡಿದರೆ ಅಂಚೆಲ್ಲ ಬಿರುಕು. ಹೆಂಚಿಗೆ ಹಾಕುವಾಗ ನಡುವೆಯೇ ಹರಿಯಿತು. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ. ಬಿಳಿಜೋಳ ತಂದು ಹಸನು ಮಾಡಿ, ವಾರಕ್ಕೆ ಬೇಕಾದಷ್ಟು ಮಾತ್ರ ಗಿರಣಿಗೆ ಹಾಕಿಸಿ. ಬೀಸಿದ ಕೂಲಿ ಸೇರಿಸಿದರೂ ಪ್ಯಾಕೆಟ್ಟಿಗಿಂತ ಬಹಳ ಕಡಿಮೆ. ರೊಟ್ಟಿಯೂ ಉಬ್ಬುತ್ತೆ.

ಕಾಯಿಪಲ್ಯೆಗೆ ಉಸ್ಮಾನಿಯಾ ಮಾರ್ಕೆಟ್ ಇರುವಾಗ ಬೇರೆ ಮಾತೇ ಬೇಡ. ಪುಂಡಿಪಲ್ಯೆ, ಮೆಂತ್ಯೆ, ರಾಜಗಿರಿ ಕಟ್ಟುಗಳು ಎಸಿ ಅಂಗಡಿಯಲ್ಲಿ ಬಾಡಿ ಕೂತಿರುತ್ತವೆ. ಆಲೂಗಡ್ಡೆ, ಉಳ್ಳಾಗಡ್ಡಿ ಆಫರ್ ಇದ್ದ ದಿನ ಒಮ್ಮೊಮ್ಮೆ ಅಗ್ಗ ಸಿಗುತ್ತೆ, ಆಗ ಆರಿಸಿಕೊಂಡು ತಗೊಳ್ಳಿ, ಅಷ್ಟೇ.

ಈಗ ಈ ಅಂಗಡಿಯ ದೊಡ್ಡ ತಪ್ಪು. ರ್‍ಯಾಕಿನ ಮೇಲೆ ಹಚ್ಚಿದ ಬೆಲೆ ಒಂದು, ಬಿಲ್ಲಿನಲ್ಲಿ ಬರುವ ಬೆಲೆ ಇನ್ನೊಂದು. ನನಗೆ ಇದು ಒಂದಕ್ಕಿಂತ ಹೆಚ್ಚು ಸಲ ಆಗಿದೆ. ಒಮ್ಮೆ ಚಹಾಪುಡಿಗೆ ಆಫರ್ ಚೀಟಿ ನೋಡಿ ಎರಡು ಪ್ಯಾಕ್ ಹಾಕಿಕೊಂಡೆ, ಬಿಲ್ಲಿನಲ್ಲಿ ಪೂರ್ತಿ ಎಂಆರ್‌ಪಿ ಬಿದ್ದಿತ್ತು. ಕೇಳಿದರೆ ಕೌಂಟರಿನ ಹುಡುಗಿ, "ಆ ಆಫರ್ ರವಿವಾರಕ್ಕೇ ಮುಗಿದದ ಅಕ್ಕಾ, ಸಿಸ್ಟಮ್‌ನಾಗ ಇಲ್ಲ" ಅಂದಳು. "ಮುಗಿದಿದ್ರೆ ಚೀಟಿ ಯಾಕೆ ತೆಗೆದಿಲ್ಲವ್ವಾ, ನಾ ಅದನ್ನ ನೋಡಿನೇ ತಗೊಂಡೀನಿ" ಅಂದೆ. ಆ ಹುಡುಗಿಯ ತಪ್ಪೇನೂ ಇಲ್ಲ, ಇಡೀ ದಿನ ನಿಂತು ಕೆಲಸ ಮಾಡುತ್ತಾಳೆ. ಮ್ಯಾನೇಜರನ್ನು ಕರೆಸಿ ರ್‍ಯಾಕಿನ ಚೀಟಿಯ ಫೋಟೋ ತೋರಿಸಿದ ಮೇಲೆ ಆಫರ್ ಬೆಲೆಗೇ ಕೊಟ್ಟರು. ಕೊಟ್ಟದ್ದು ಸರಿ. ಆದರೆ ಬಿಲ್ಲು ನೋಡದೆ ಮಡಚಿ ಪರ್ಸಿಗೆ ಹಾಕಿಕೊಂಡು ಹೋಗುವವರು ಎಷ್ಟು ಜನ? ಓದಲು ಬಾರದ ಅಮ್ಮಂದಿರು, ವಯಸ್ಸಾದವರು ಏನು ಮಾಡಬೇಕು? ಮುಗಿದ ಆಫರಿನ ಚೀಟಿಯನ್ನು ಅದೇ ರಾತ್ರಿ ತೆಗೆಯುವುದು ಅಂಗಡಿಯವರ ಕೆಲಸ.

ಅದಕ್ಕೇ ಹೇಳುವುದು, ಆಫರ್ ಚೀಟಿಯ ಫೋಟೋ ತೆಗೆದುಕೊಳ್ಳಿ, ಬಿಲ್ಲನ್ನು ಬಾಗಿಲು ದಾಟುವ ಮುಂಚೆಯೇ ಓದಿ. ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ. ಅಂದರೂ ಅನ್ನಲಿ. ಒಪ್ಪದೇ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೈಚೀಲವನ್ನು ಮನೆಯಿಂದಲೇ ಒಯ್ಯಿರಿ. ಮೊದಲೇ ತಿಳಿಸದೆ ಬಿಲ್ ಮಾಡುವಾಗ ಚೀಲಕ್ಕೆ ದುಡ್ಡು ಸೇರಿಸುವುದು ತಪ್ಪು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲೇ ಹೇಳಿದೆ, ಆದರೂ ದಿನಾ ಅದಕ್ಕೆ ಜಗಳ ಆಡುತ್ತಾ ನಿಲ್ಲಲು ಯಾರಿಗೆ ಪುರುಸೊತ್ತು.

ಒಂದು ತಗೊಂಡರೆ ಒಂದು ಫ್ರೀ ಅನ್ನುವುದರಲ್ಲಿ ತಾರೀಕು ನೋಡಿ. ಮುಗಿಯಲು ಬಂದ ಮಾಲನ್ನು ಮುಂದಿಟ್ಟಿರುತ್ತಾರೆ, ಹಿಂದೆ ಕೈ ಹಾಕಿದರೆ ಹೊಸದು ಸಿಗುತ್ತೆ. ಅಂಗಡಿಯದೇ ಹೆಸರಿನ ಪ್ಯಾಕಿನಲ್ಲಿ ಬರುವ ಸಕ್ಕರೆ, ರವೆ, ಅವಲಕ್ಕಿ, ಪುಟಾಣಿ ಚೆನ್ನಾಗಿವೆ, ಹೆಸರಾದ ಕಂಪನಿಯದಕ್ಕಿಂತ ಕಡಿಮೆ, ನಾನು ತಗೊಳ್ಳುತ್ತೇನೆ. ಶೇಂಗಾ ಮಾತ್ರ ಇಲ್ಲಿ ಬೇಡ, ಎರಡು ಸಲ ಕನರು ವಾಸನೆ ಬಂತು.

ಹಾಗಂತ ಓಣಿಯ ಕಿರಾಣಿ ಅಂಗಡಿ ಬಿಡಬೇಡಿ. ಅಲ್ಲಿ ಬೆಲೆ ಜಾಸ್ತಿ ಅನ್ನುವವರು ಸಾಮಾನ್ಯವಾಗಿ ಉದ್ರಿ ತರುವವರು. ತಿಂಗಳಾದ ಮೇಲೆ ದುಡ್ಡು ಕೊಟ್ಟರೆ ಆ ಕಾಯುವ ಖರ್ಚನ್ನು ಅವರು ಎಲ್ಲಾದರೂ ಸೇರಿಸಲೇಬೇಕಲ್ಲ. "ಸಾವ್ಕಾರ್ರೇ, ರೊಕ್ಕ ಈಗ್ಲೇ ಕೊಡ್ತೀನಿ, ರೇಟ್ ನೋಡಿ ಹಚ್ರಿ" ಅಂತ ಕೇಳಿ ನೋಡಿ, ಬೇಳೆ, ಬೆಲ್ಲ, ಹುಣಸೆಹಣ್ಣಿನಲ್ಲಿ ಇಳಿಸುತ್ತಾರೆ. ಕೈಯಲ್ಲಿ ದುಡ್ಡಿಲ್ಲದ ವಾರ ಉದ್ರಿ ಕೊಡುವವರೂ ಅವರೇ. ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ ಆ ಖಾತೆ ಎಷ್ಟು ಆಸರೆ ಅನ್ನುವುದು ಅನುಭವಿಸಿದವರಿಗೆ ಗೊತ್ತು. ಅದಕ್ಕೆ ನಾನು ಬೆಲ್ಲ, ಹುಣಸೆಹಣ್ಣು, ಮಸಾಲೆ ಸಾಮಾನು ಅವರಲ್ಲೇ ತಗೊಳ್ಳುತ್ತೇನೆ, ನಗದು ಕೊಟ್ಟು.

ಅಂಕ ಕೊಡಬೇಕು ಅಂದರೆ ಈ ಸೂಪರ್ ಮಾರ್ಕೆಟ್ಟಿಗೆ ಐದಕ್ಕೆ ಮೂರು. ಜಾಗ ಸ್ವಚ್ಛ, ಪ್ಯಾಕ್ ಸಾಮಾನಿನ ಬೆಲೆ ಒಳ್ಳೆಯದು, ಹುಡುಗರು ಮರ್ಯಾದೆಯಿಂದ ಮಾತಾಡುತ್ತಾರೆ. ರವಿವಾರ ಸಂಜೆ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ, ಗದ್ದಲದಲ್ಲಿ ಲೆಕ್ಕ ಹಾಕಲು ಆಗುವುದಿಲ್ಲ. ವಾರದ ನಡುವೆ ಬೆಳಿಗ್ಗೆ ಹೋದರೆ ಆರಾಮ.

ಬೇಳೆ, ಕಡಲೆ, ಹೆಸರುಕಾಳು ಬಿಡಿಯಾಗಿ ತೂಗಿ ಕೊಡಲು ಒಂದು ಸಾಲು ಡಬ್ಬಿ ಇಟ್ಟಿದ್ದಾರೆ, ಅದು ನನಗೆ ಇಷ್ಟ ಆಯಿತು, ಪ್ಯಾಕೆಟ್ಟಿನ ತೆರಿಗೆಯೂ ತಪ್ಪುತ್ತೆ. ಆದರೆ ಅಲ್ಲಿ ಬಿಳಿಜೋಳ ಇಲ್ಲ, ಸಜ್ಜೆ ಇಲ್ಲ, ನವಣೆ ಇಲ್ಲ. ರಾಯಚೂರಿನ ಜನ ದಿನಾ ತಿನ್ನುವುದನ್ನೇ ಇಟ್ಟಿಲ್ಲ ಅಂದರೆ ಹೇಗೆ ಅಂತ ಮ್ಯಾನೇಜರನ್ನು ಕೇಳಿದೆ. ಮೇಲಿನವರಿಗೆ ಹೇಳುತ್ತೇನೆ ಅಂದರು, ನನ್ನ ನಂಬರನ್ನೂ ಬರೆದುಕೊಂಡರು. ನೀವೂ ಹೋದಾಗ ಕೇಳಿ, ನಾಲ್ಕು ಜನ ಕೇಳಿದರೆ ತರಿಸುತ್ತಾರೆ.