ಚಂದ್ರಗಿರಿಯಿಂದ ಬೇಕಲಕ್ಕೆ: ಎರಡು ಕೋಟೆ, ಒಂದು ಊಟ

ಬೇಕಲ ಕೋಟೆಗೆ ಬರುವವರಲ್ಲಿ ಹೆಚ್ಚಿನವರು ಕಡಲಿನ ಎದುರು ಫೋಟೊ ತೆಗೆಸಿಕೊಂಡು ಬೇಗನೆ ಹೊರಟುಬಿಡುತ್ತಾರೆ. ಯುದ್ಧಕ್ಕೆಂದೇ ಕಟ್ಟಿದ ಕೋಟೆಯನ್ನು ಯುದ್ಧದ ಕಣ್ಣಿನಿಂದಲೇ ನೋಡಬೇಕೆಂದಿರುವವರು ಚಂದ್ರಗಿರಿ ಕೋಟೆಯಿಂದ ದಿನವನ್ನು ಆರಂಭಿಸುವುದು ಒಳ್ಳೆಯದು. ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಕಾಞಂಗಾಡಿಗೆ ಹೋಗುವ ಬಸ್ಸು ಹತ್ತಿ ಮೇಲ್ಪರಂಬದಲ್ಲಿ ಇಳಿದರೆ ಅಲ್ಲಿಂದ ಕೋಟೆ ದೂರವಿಲ್ಲ. ಸುಮಾರು ಏಳು ಎಕರೆಯ ಸಣ್ಣ ಕೋಟೆಯಾದರೂ ಅದರ ಗೋಡೆಯ ಮೇಲೆ ನಿಂತಾಗ ಪಯಸ್ವಿನಿ (ಚಂದ್ರಗಿರಿ ಹೊಳೆ) ಸಮುದ್ರ ಸೇರುವ ಅಳಿವೆಯೂ ನದಿಯನ್ನು ದಾಟಿ ಬರುವ ದಾರಿಯೂ ಕಣ್ಣೆದುರಿಗಿರುತ್ತವೆ. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನಿಂದಲೂ ಹೆಸರಾದ ಈ ಹೊಳೆಯ ಆಚೆ ದಡದಲ್ಲಿ ಕೆಳದಿಯ ಅರಸರು ಏಕೆ ಕಾವಲು ಇಟ್ಟರೆಂಬುದನ್ನು ಅಲ್ಲಿ ಯಾರೂ ವಿವರಿಸಬೇಕಾಗಿಲ್ಲ.

ಹೊನ್ನಾವರ, ಬಸ್ರೂರು, ಮಂಗಳೂರುಗಳಿಂದ ಪೋರ್ಚುಗೀಸರನ್ನು ಹೊರದೂಡಿದ ಕೆಳದಿಯ ಶಿವಪ್ಪ ನಾಯಕನೇ 1650ರ ಸುಮಾರಿಗೆ ಬೇಕಲವನ್ನೂ ಕಟ್ಟಿಸಿದನು. ಸುಮಾರು ನಲವತ್ತು ಎಕರೆ ವಿಸ್ತಾರದ ಆ ಮುರಕಲ್ಲಿನ ಕೋಟೆಯ ಬಹುಭಾಗಕ್ಕೆ ಸಮುದ್ರವೇ ಬೇಲಿ. ನೇರವಾಗಿ ನುಗ್ಗಲು ಬಿಡದೆ ತಿರುಗಿಸಿ ತಿರುಗಿಸಿ ಒಳಗೆ ಕರೆದೊಯ್ಯುವ ಪ್ರವೇಶದ್ವಾರದಿಂದಲೇ ಕಟ್ಟಿದವರ ಜಾಣ್ಮೆ ಕಾಣತೊಡಗುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಗೋಡೆಯ ಕಿಂಡಿಗಳು. ಮೇಲಿನವು ದೂರದ ಶತ್ರುವಿಗೆ, ಅದರ ಕೆಳಗಿನವು ಸಮೀಪಿಸಿದವನಿಗೆ, ತೀರ ಕೆಳಗಿನವು ಗೋಡೆಯ ಬುಡಕ್ಕೇ ಬಂದವನಿಗೆ. ಮಂಡಿಯೂರಿ ಒಂದೊಂದರಲ್ಲೂ ಕಣ್ಣಿಟ್ಟು ನೋಡಿದರೆ ಒಂದರಲ್ಲಿ ಅಲೆಗಳ ಗೆರೆ, ಇನ್ನೊಂದರಲ್ಲಿ ಮರಳು, ಮತ್ತೊಂದರಲ್ಲಿ ಕೋಟೆಯ ಬುಡದ ಹುಲ್ಲು ಮಾತ್ರ ಕಾಣುತ್ತದೆ. ಬಂದೂಕು ಹಿಡಿದವನಿಗೆ ಕಾಣಬೇಕಾಗಿದ್ದುದೂ ಅಷ್ಟೇ. ನಡುವೆ ಎದ್ದುನಿಂತಿರುವ ವೀಕ್ಷಣಾ ಗೋಪುರಕ್ಕೆ ಮೆಟ್ಟಿಲುಗಳ ಬದಲು ಅಗಲವಾದ ಇಳಿಜಾರು ಹಾದಿಯಿದೆ, ಹತ್ತಲು ಕಷ್ಟವಿಲ್ಲ.

1763ರಲ್ಲಿ ಕೆಳದಿಯ ರಾಜಧಾನಿ ಬಿದನೂರು ಹೈದರಾಲಿಯ ವಶವಾದಾಗ ಬೇಕಲವೂ ಮೈಸೂರಿನ ಪಾಲಾಯಿತು, ಮುಂದೆ ಟಿಪ್ಪುವಿನ ಮಲಬಾರು ದಂಡಯಾತ್ರೆಗಳಿಗೆ ಮುಖ್ಯ ಸೇನಾ ಠಾಣೆಯಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರನ್ನು ಬಿಟ್ಟುಕೊಟ್ಟ ಮೇಲೂ ಬೇಕಲವಿದ್ದ ಕೆನರಾ ಅವನ ಕೈಯಲ್ಲೇ ಉಳಿದುದರಿಂದ, 1799ರಲ್ಲಿ ಅವನು ಮಡಿಯುವವರೆಗೆ ಈ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಗಡಿಗೆ ಮುಖಾಮುಖಿಯಾಗಿಯೇ ನಿಂತಿತ್ತು. ಈ ಹಿನ್ನೆಲೆಯನ್ನು ಕನ್ನಡದಲ್ಲಿ ತಿಳಿಸಿಕೊಡುವ ಮಾರ್ಗದರ್ಶಿಯೊಬ್ಬರು ಜೊತೆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಕೋಟೆಯೊಳಗೆ ನೆರಳು ಕಡಿಮೆ. ನೀರು, ಕೊಡೆ ಜೊತೆಗಿರಲಿ, ನಡುಮಧ್ಯಾಹ್ನ ಬೇಡವೇ ಬೇಡ.

ಆ ಹೊತ್ತನ್ನು ಊಟಕ್ಕೆ ಇಟ್ಟುಕೊಳ್ಳಬಹುದು. ಪಳ್ಳಿಕ್ಕೆರೆಯ ರಸ್ತೆ ಬದಿಯ ಸಣ್ಣ ಹೋಟೆಲೊಂದರಲ್ಲಿ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಮಾಡಿದ ಬಂಗುಡೆ ಸಾರು, ಜೊತೆಗೆ ಹಿಟ್ಟು ತುಂಬಿದ ಕಲ್ಲುಮ್ಮಕ್ಕಾಯಿ (ಕಡಲಿನ ಚಿಪ್ಪುಜೀವಿ) ಸಿಕ್ಕಿತು. ಅಕ್ಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಬಡೆಸೋಂಪು ಸೇರಿಸಿ ಅರೆದ ಹಿಟ್ಟನ್ನು ಚಿಪ್ಪಿನೊಳಗೇ ತುಂಬಿ ಹಬೆಯಲ್ಲಿ ಬೇಯಿಸಿ, ಚಿಪ್ಪು ತೆಗೆದು, ಮೆಣಸಿನ ಮಸಾಲೆ ಸವರಿ ಎಣ್ಣೆಯಲ್ಲಿ ಕರಿಯುತ್ತಾರೆ. ಹೊರಗೆ ಖಾರದ ಗರಿ, ಒಳಗೆ ಮೆತ್ತಗಿನ ಕಡುಬಿನಂಥ ಹಿಟ್ಟು, ನಡುವೆ ಕಡಲಿನ ಉಪ್ಪಿನ ರುಚಿ. ಸಾರು ಸ್ವಲ್ಪ ತೆಳ್ಳಗಾಗಿತ್ತು, ಬಡಿಸುವುದೂ ನಿಧಾನ. ಆದರೂ ಬೇಕಲಕ್ಕೆ ಹೋಗುವ ಮೀನು ತಿನ್ನುವವರು ಈ ತಿನಿಸನ್ನು ಬಿಟ್ಟು ಬರಬಾರದು. ಸಸ್ಯಾಹಾರಿಗಳು ಕಾಸರಗೋಡು ಪೇಟೆಯಲ್ಲೇ ನೀರುದೋಸೆಯೋ ಗೋಳಿಬಜೆಯೋ ತಿಂದು ಹೊರಡುವುದು ಲೇಸು.

ಬಿಸಿಲಿಳಿದ ಮೇಲೆ ಕೋಟೆಯಲ್ಲಿ ಎರಡು ಗಂಟೆಯಾದರೂ ಕಳೆಯಬೇಕು. ಕಾಞಂಗಾಡಿನ ಹೊಸದುರ್ಗದ ಕೋಟೆಯನ್ನೂ ಅದೇ ದಿನಕ್ಕೆ ತುರುಕುವುದಕ್ಕಿಂತ, ಅಲ್ಲಿನ ನಿತ್ಯಾನಂದಾಶ್ರಮದ ಗುಹೆಗಳ ಜೊತೆಗೆ ಇನ್ನೊಂದು ದಿನ ನೋಡುವುದು ವಾಸಿ. ಕುಂಬಳೆಯ ಆರಿಕ್ಕಾಡಿ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ, ಮಂಗಳೂರಿನ ಕಡೆಯಿಂದ ಸ್ವಂತ ವಾಹನದಲ್ಲಿ ಬರುವವರು ಬೆಳಿಗ್ಗೆ ಬರುವಾಗಲೇ ಅಲ್ಲಿ ಇಳಿದು ನೋಡಬಹುದು.